ಅಂಗುಲ, ಟೇಪು ಮತ್ತು ಜೆಟ್ಟಿಯ ಜೋಡಿ

ಅಹಮದಾಬಾದಿನ ಪಶ್ಚಿಮಕ್ಕೆ ಸ್ಯಾಟಲೈಟ್ ಎಂಬ ಬಡಾವಣೆಯಿದೆ. ಇಸ್ರೋ ಸಂಸ್ಥೆಯ ಬಾಹ್ಯಾಕಾಶ ಉಪಯೋಗ ಕೇಂದ್ರ ಸಮೀಪದಲ್ಲಿರುವುದರಿಂದ ಬಂದ ಹೆಸರಿದು. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ಪ್ರಯೋಗ ನಡೆದಾಗ, ಇಲ್ಲಿಂದ ಹೊರಟ ಕಾರ್ಯಕ್ರಮಗಳನ್ನು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಊರುಗಳು ಕನ್ನಡದಲ್ಲಿಯೇ ನೋಡಿದವೆಂಬುದನ್ನು ಈ ಬಡಾವಣೆಯ ಕನ್ನಡಿಗರು ಹೆಮ್ಮೆಯಿಂದ ನೆನೆಯುವುದುಂಟು. ನಾನು ಅಲ್ಲಿ ಕೆಲಕಾಲ ತಂಗಿಯ ಮನೆಯಲ್ಲಿದ್ದಾಗ ಸೋದರಳಿಯನು ಒಂದು ಸಂಜೆ ವ್ಯಾಯಾಮಶಾಲೆಯಿಂದ ಬಂದು ಒಂದು ಹಾಳೆಯನ್ನು ಮೇಜಿನ ಮೇಲೆ ಇಟ್ಟನು. ಅದರಲ್ಲಿ 'ಆದರ್ಶ ಪುರುಷ'ನ ಅಳತೆಗಳಿದ್ದವು: ಕತ್ತು ಇಷ್ಟು, ತೋಳು ಇಷ್ಟು, ಎದೆ ಇಷ್ಟು, ಮೀನಖಂಡ ಇಷ್ಟು. ಪಕ್ಕದ ಖಾನೆಯಲ್ಲಿ ಹುಡುಗನ ಅಳತೆಗಳು. ಪ್ರತಿಯೊಂದರ ಎದುರಿಗೂ ಕೆಂಪು ಶಾಯಿಯಲ್ಲಿ ಕೊರತೆ. ಅವನ ಎತ್ತರ 168 ಸೆಂಟಿಮೀಟರು. ಆದರ್ಶ ಪುರುಷನ ಎತ್ತರವೆಷ್ಟೆಂದು ಹಾಳೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಈ ಪ್ರಬಂಧ ಹುಟ್ಟಿದ್ದು ಆ ಖಾಲಿ ಜಾಗದಿಂದ. ಒಂದು ದೇಹದ ತೋಳು ದಪ್ಪವೇ ಸಣ್ಣದೇ ಎಂದು ಹೇಳಬೇಕಾದರೆ ಅದನ್ನು ಯಾವುದಕ್ಕೋ ಹೋಲಿಸಬೇಕು. ಎತ್ತರಕ್ಕೆ ಹೋಲಿಸುವುದು ನ್ಯಾಯವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಹೇಗೆ ಹೋಲಿಸಬೇಕು? ಭಾಗಿಸಿಯೋ, ಕಳೆದೋ? ಈ ಪ್ರಶ್ನೆಗೆ ಬೇರೆಬೇರೆ ಕಾಲದವರು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಪ್ರತಿಯೊಂದು ಉತ್ತರವೂ ಕೆಲವರನ್ನು ಎತ್ತಿ ಹಿಡಿದು ಕೆಲವರನ್ನು ಕೆಳಗಿಟ್ಟಿದೆ.

ಆಧುನಿಕ ಕಥೆ ಲಂಡನ್ನಿನಲ್ಲಿ ಆರಂಭವಾಗುತ್ತದೆ. 1901ರ ಸೆಪ್ಟೆಂಬರ್ 14ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಯೂಜೆನ್ ಸ್ಯಾಂಡೋ ಒಂದು ಸ್ಪರ್ಧೆ ನಡೆಸಿದನು. ದೇಹದಾರ್ಢ್ಯ ಸ್ಪರ್ಧೆಗಳ ಆದಿಪರ್ವವಿದು. ತೀರ್ಪುಗಾರರು ಮೂವರು: ಸ್ಯಾಂಡೋ, ಶಿಲ್ಪಿ ಸರ್ ಚಾರ್ಲ್ಸ್ ಲಾಸ್, ಮತ್ತು ಷರ್ಲಾಕ್ ಹೋಮ್ಸನ ಕರ್ತೃ ಆರ್ಥರ್ ಕಾನನ್ ಡಾಯ್ಲ್. ಒಬ್ಬ ಮಲ್ಲ, ಒಬ್ಬ ಶಿಲ್ಪಿ, ಒಬ್ಬ ವೈದ್ಯನೂ ಆಗಿದ್ದ ಕಥೆಗಾರ. ದೇಹವನ್ನು ನೋಡಲು ಇದಕ್ಕಿಂತ ಒಳ್ಳೆಯ ಮಂಡಲಿಯನ್ನು ಊಹಿಸುವುದು ಕಷ್ಟ. ಅತಿ ದಪ್ಪ ಸ್ನಾಯುವಿಗೆ ಬಹುಮಾನವೆಂದು ಸ್ಯಾಂಡೋ ಹೇಳಲಿಲ್ಲ. ಒಟ್ಟು ಬೆಳವಣಿಗೆ, ಅಂಗಗಳ ನಡುವಿನ ಸಮತೋಲ, ಮಾಂಸಖಂಡಗಳ ಗಡಸು, ಆರೋಗ್ಯ, ಚರ್ಮದ ಸ್ಥಿತಿ ಇವನ್ನೆಲ್ಲ ನೋಡಬೇಕೆಂದು ನಿಯಮವಿತ್ತು. ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ ಗೆದ್ದನು.

ಅಂದರೆ ಮೊದಲ ಸ್ಪರ್ಧೆಯಲ್ಲಿಯೇ ಪ್ರಶ್ನೆ ಪ್ರಮಾಣದ್ದಾಗಿತ್ತು, ಗಾತ್ರದ್ದಲ್ಲ. ಆದರೆ ಪ್ರಮಾಣವನ್ನು ಕಣ್ಣು ನೋಡುತ್ತದೆ, ಪತ್ರಿಕೆಯಲ್ಲಿ ಮುದ್ರಿಸಲು ಬರುವುದಿಲ್ಲ. ಮುದ್ರಿಸಲು ಬರುವುದು ಅಂಕಿ. ಸ್ಯಾಂಡೋನ ಎದೆ, ತೋಳುಗಳ ಅಂಕಿಗಳು ಜಾಹೀರಾತುಗಳಲ್ಲಿ ಬೆಳೆಯುತ್ತ ಹೋದವು. 1893ರಲ್ಲಿ ಹಾರ್ವರ್ಡಿನ ಡಡ್ಲಿ ಸಾರ್ಜೆಂಟ್ ಅವನನ್ನು ಸ್ವತಃ ಅಳೆದಾಗ ಬಂದ ಅಳತೆಗಳು ಪ್ರಚಾರದ ಅಂಕಿಗಳಿಗಿಂತ ಸಾಧುವಾಗಿದ್ದವು. ಸಾವಿರಾರು ವಿದ್ಯಾರ್ಥಿಗಳ ಅಂಗಾಂಗಗಳನ್ನು ಅಳೆದು ಪಟ್ಟಿ ಮಾಡಿದ್ದ ಸಾರ್ಜೆಂಟನು, ಅದೇ ವರ್ಷದ ಷಿಕಾಗೋ ವಿಶ್ವಮೇಳದಲ್ಲಿ ಆ ಸರಾಸರಿಗಳಿಂದ ಮಾಡಿಸಿದ ಯುವಕ ಯುವತಿಯರ ಪ್ರತಿಮೆಗಳನ್ನು ನಿಲ್ಲಿಸಿದ್ದನು. ಸರಾಸರಿಯೇ ಪ್ರತಿಮೆಯಾಗುವ, ಪ್ರತಿಮೆಯೇ ಆದರ್ಶವಾಗುವ ಜಾಡು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಸ್ಯಾಂಡೋ 1904-05ರ ಸುಮಾರಿಗೆ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟನು. ಅವನು ಬಂದ ನೆಲದ ಮನಃಸ್ಥಿತಿಯನ್ನೂ ನೆನೆಯಬೇಕು. ಈ ದೇಶದವರು ಮೈಯಲ್ಲಿ ಬಲಹೀನರು, ಆಳಿಸಿಕೊಳ್ಳಲೆಂದೇ ಹುಟ್ಟಿದವರು ಎಂಬರ್ಥದ ಮಾತುಗಳನ್ನು ಮೆಕಾಲೆ 1841ರಷ್ಟು ಹಿಂದೆಯೇ ಬಂಗಾಳಿಗಳನ್ನು ಕುರಿತು ಬರೆದಿದ್ದನು. ಬಡಕಲು ಮೈ ಅಂದಿಗೆ ರಾಜಕೀಯದ ವಿಷಯವಾಗಿತ್ತು. ಬಡೋದೆಯಲ್ಲಿ ಜುಮ್ಮಾದಾದಾ ವ್ಯಾಯಾಮಶಾಲೆಯನ್ನು ಮುನ್ನಡೆಸಿದ ರಾಜರತ್ನ ಮಾಣಿಕರಾವ್ ಅವರು ಈ ಅಪವಾದಕ್ಕೆ ಉತ್ತರವನ್ನು ಸಾಮೂಹಿಕ ಕವಾಯತಿನಲ್ಲಿ, ಲಾಠಿಯಲ್ಲಿ, ಮಲ್ಲಕಂಬದಲ್ಲಿ ಹುಡುಕಿದರು. ಕವಾಯತಿನ ಆಜ್ಞೆಗಳನ್ನು ಇಂಗ್ಲಿಷಿನಿಂದ ಬಿಡಿಸಿ ದೇಶಭಾಷೆಗೆ ತಂದವರಲ್ಲಿ ಅವರು ಪ್ರಮುಖರು. ಆ ಊರಿನಿಂದಲೇ ಮರಾಠಿಯಲ್ಲಿ ಹತ್ತು ಸಂಪುಟಗಳ ವ್ಯಾಯಾಮ ಜ್ಞಾನಕೋಶ ಹೊರಬಂದಿತು. ಮಾಣಿಕರಾಯರ ಅಂಗಳದಲ್ಲಿ ದೇಹದ ಪರೀಕ್ಷೆಯೆಂದರೆ ಅದು ಏನು ಮಾಡಬಲ್ಲದು ಎಂಬುದು.

ಬೆಂಗಳೂರಿನಲ್ಲಿ ಉತ್ತರ ಬೇರೆಯಾಗಿತ್ತು. ಅದನ್ನು ಕೊಟ್ಟವರು ಕನ್ನಡ ಓದುಗರಿಗೆ ಕಾದಂಬರಿಕಾರರಾಗಿ ಚಿರಪರಿಚಿತರಾದ ಕೆ. ವಿ. ಅಯ್ಯರ್. 'ಶಾಂತಲಾ' ಬರೆದವರು, 'ರೂಪದರ್ಶಿ' ಬರೆದವರು, ಕೈಲಾಸಂ ಅವರ ಆಪ್ತರು, ರವಿ ಕಲಾವಿದರು ಎಂಬ ನಾಟಕ ತಂಡವನ್ನು ಕಟ್ಟಿದವರು. ಸಾಹಿತ್ಯ ಚರಿತ್ರೆಗಳು ಅವರ ಅಂಗಸಾಧನೆಯನ್ನು ಒಂದು ಕುತೂಹಲದ ಸಂಗತಿಯಂತೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ವ್ಯಾಯಾಮದ ಚರಿತ್ರೆ ಬರೆಯುವ ವಿದೇಶಿ ವಿದ್ವಾಂಸರು ಅವರ ಕಾದಂಬರಿಗಳನ್ನು ಅಷ್ಟೇ ಲಘುವಾಗಿ ದಾಟುತ್ತಾರೆ. ಇಬ್ಬರೂ ಅರ್ಧ ಅಯ್ಯರನ್ನು ಮಾತ್ರ ನೋಡಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಕೋಲಾರ ಸೀಮೆಯ ಈ ವೆಂಕಟೇಶ ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. ಅದಕ್ಕೆ ಅಂಚೆಯ ಮೂಲಕ ಕಲಿಸುವ ಶಾಲೆಯೊಂದು ಸೇರಿಕೊಂಡಿತ್ತು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಫಿಸೀಕ್ ಅಂಡ್ ಫಿಗರ್', ಮರುವರ್ಷ ಸೂರ್ಯನಮಸ್ಕಾರವನ್ನು ಕುರಿತು ಒಂದು ಪುಸ್ತಕ, ಹೀಗೆ ಇಂಗ್ಲಿಷಿನಲ್ಲಿ ಬರೆದರು. ಪಾಶ್ಚಾತ್ಯರ ಭಾರದ ಸಾಧನೆ, ನಮ್ಮ ದಂಡ ಬೈಠಕ್, ಹಠಯೋಗದ ಆಸನಗಳು ಮೂರನ್ನೂ ಕಲೆಸಿದ ಪದ್ಧತಿ ಅವರದು. ಯೋಗವನ್ನು ಕುರಿತು ಬರೆದ ಬೆಂಗಳೂರಿನ ಸುಂದರಂ ಅವರ ಜೊತೆಗಾರರಾಗಿದ್ದರು. ಮುಂದೆ ಬ್ಯಾಂಕಿನ ಉನ್ನತ ಅಧಿಕಾರಿಯಾಗಿ, ನಿವೃತ್ತಿಯ ನಂತರ ಅದ್ವೈತದ ಬೋಧಕರಾಗಿ ಹೆಸರಾದ ರಮೇಶ ಬಾಲ್ಸೇಕರ್ ಅವರು ಯೌವನದಲ್ಲಿ ಅಯ್ಯರ ಶಿಷ್ಯರಾಗಿ ಅಂಗಸೌಷ್ಠವಕ್ಕೆ ಹೆಸರಾಗಿದ್ದರೆಂದರೆ ಇಂದು ಅನೇಕರು ನಂಬಲಾರರು. ಮೈಸೂರು ಅರಸರ ನೆರವಿನಿಂದ 1940ರಲ್ಲಿ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವಾಯಿತು.

ಅಂಚೆಯ ಶಿಷ್ಯನನ್ನು ಗುರು ಕಣ್ಣಾರೆ ಕಾಣುವುದಿಲ್ಲ. ಅವನ ಭಾವಚಿತ್ರವೂ ಅಳತೆಯ ಪಟ್ಟಿಯೂ ಅವನ ಬದಲಿಗೆ ಲಕೋಟೆಯಲ್ಲಿ ಬರುತ್ತವೆ. ಇಂಥಲ್ಲಿ ಟೇಪಿನ ಅಂಕಿಗೆ ಸಹಜವಾಗಿಯೇ ಮಹತ್ವ ಬರುತ್ತದೆ. ಆದರೂ ಅಯ್ಯರು ತಮ್ಮ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದ ತಮ್ಮದೇ ಭಾವಚಿತ್ರಗಳನ್ನು ನೋಡಿದರೆ, ಅವರು ಅಂಕಿಯ ಮನುಷ್ಯರಾಗಿರಲಿಲ್ಲ, ರೂಪದ ಮನುಷ್ಯರಾಗಿದ್ದರು ಎಂದು ತಿಳಿಯುತ್ತದೆ. ಗ್ರೀಕ್ ಪ್ರತಿಮೆಗಳ ಭಂಗಿಗಳಲ್ಲಿ ನಿಂತ, ಎಲ್ಲಿಯೂ ಒಂದು ಅಂಗ ಮತ್ತೊಂದನ್ನು ಮೀರದ ಮೈ ಅದು. ತಮ್ಮ ದೇಹದ ಬಗ್ಗೆ ಅವರು ಆಡಿದ ಹೆಮ್ಮೆಯ ಮಾತುಗಳು ಇಂದಿನ ಕಿವಿಗೆ ತುಸು ಅತಿಯೆನಿಸುತ್ತವೆ, ನಿಜ. ಆದರೆ ಅದು ಬಲಹೀನರೆಂದು ಕರೆಸಿಕೊಂಡ ಜನಾಂಗದ ಒಬ್ಬನು ಆಡಿದ ಹೆಮ್ಮೆ.

'ರೂಪದರ್ಶಿ'ಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿ ಕುಳಿತ ಮುದ್ದು ಮಗುವೇ ವರ್ಷಗಳ ನಂತರ, ಬದುಕಿನಿಂದ ಜರ್ಝರಿತವಾಗಿ, ಜುದಾಸನ ಚಿತ್ರಕ್ಕೂ ರೂಪದರ್ಶಿಯಾಗುವ ಕಥೆಯದು. ಇಟಲಿಯಲ್ಲಿ ನಡೆಯುವ ಕಥೆ, ಮೈಕೆಲ್ ಏಂಜಲೋ ಅದರ ಚಿತ್ರಕಾರ. ದಿನವಿಡೀ ಬೇರೆಯವರ ಮೈಗಳನ್ನು ತಿದ್ದುತ್ತಿದ್ದ ವ್ಯಕ್ತಿ ಬರೆದ ಕಾದಂಬರಿ ಇದು ಎಂಬುದನ್ನು ನೆನೆದರೆ ಅದರ ವ್ಯಥೆ ಇಮ್ಮಡಿಯಾಗುತ್ತದೆ. ರೂಪವು ಕಟ್ಟಬಲ್ಲದ್ದು, ಹಾಗೆಯೇ ಕೆಡಬಲ್ಲದ್ದು ಎಂಬುದನ್ನು ವ್ಯಾಯಾಮಶಾಲೆಯ ಗುರುವಿಗಿಂತ ಬಲ್ಲವರು ಯಾರು?

ಅಯ್ಯರು ಗ್ರೀಕರತ್ತ ನೋಡಿದರು, ಸರಿ. ನಮ್ಮ ಕಡೆಯ ಲೆಕ್ಕವೇನು?

ಅದು ಎರಡು ಕಡೆ ಇದೆ: ಶಿಲ್ಪಿಯ ಕೈಯಲ್ಲಿ ಮತ್ತು ವೈದ್ಯನ ಕೈಯಲ್ಲಿ. ಶಿಲ್ಪಿಯ ತಾಳಮಾನವನ್ನು ಹೆಚ್ಚಿನವರು ಕೇಳಿರುತ್ತಾರೆ; ಮುಖದ ಉದ್ದ ಒಂದು ತಾಳ, ಹನ್ನೆರಡು ಅಂಗುಲ, ನವತಾಳದ ಮೂರ್ತಿ 108 ಅಂಗುಲ. ವರಾಹಮಿಹಿರನ ಬೃಹತ್ಸಂಹಿತೆಯು ಇದೇ ಭಾಷೆಯನ್ನು ಬದುಕಿರುವ ಮನುಷ್ಯರಿಗೂ ಹಚ್ಚಿ, 108 ಅಂಗುಲದವನು ಉತ್ತಮ, 96 ಅಂಗುಲದವನು ಮಧ್ಯಮ, 84 ಅಂಗುಲದವನು ಅಧಮ ಎಂದು ವರ್ಗ ಮಾಡುತ್ತದೆ. ಶಿಲ್ಪಿಯ ಲೆಕ್ಕವನ್ನು ಮೈಗೆ ಹಚ್ಚುವುದು ಅಷ್ಟು ಸುಲಭವಲ್ಲವೆಂಬುದಕ್ಕೆ ಶ್ರವಣಬೆಳಗೊಳದ ಗೊಮ್ಮಟನೇ ಸಾಕ್ಷಿ: ಭುಜಗಳ ವಿಸ್ತಾರಕ್ಕೆ ಹೋಲಿಸಿದರೆ ಕಾಲುಗಳು ಗಿಡ್ಡವೆಂದು ಕಲಾವಿಮರ್ಶಕರು ಹೇಳುತ್ತಾರೆ, ಅವನ ಪಾದದ ಬಳಿ ನಿಂತು ಕತ್ತೆತ್ತಿದವರಿಗೆ ಆ ಮಾತು ನೆನಪಾಗುವುದೇ ಇಲ್ಲ.

ವೈದ್ಯನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ರೋಗಿಯನ್ನು ಹತ್ತು ಬಗೆಯಲ್ಲಿ ಪರೀಕ್ಷಿಸಬೇಕೆಂದು ಹೇಳಿದೆ. ಅವುಗಳಲ್ಲಿ ಒಂದು ಪ್ರಮಾಣ. ಅಲ್ಲಿ ದೇಹದ ಎತ್ತರ 84 ಅಂಗುಲ, ಚಾಚಿದ ತೋಳುಗಳ ಅಗಲವೂ ಅಷ್ಟೇ. ವರಾಹಮಿಹಿರನಿಗೆ ಅಧಮವಾದ ಸಂಖ್ಯೆಯೇ ಚರಕನಿಗೆ ಸಮಶರೀರದ ಸಂಖ್ಯೆ ಎಂಬುದನ್ನು ಗಮನಿಸಿ. ಸುಶ್ರುತನು 120 ಅಂಗುಲ ಎನ್ನುತ್ತಾನೆ. ತುದಿಗಾಲಲ್ಲಿ ನಿಂತು ಕೈಯೆತ್ತಿದವನ ಎತ್ತರವದು ಎಂದು ವ್ಯಾಖ್ಯಾನಕಾರರು ಹೊಂದಿಸಿಕೊಳ್ಳುತ್ತಾರೆ. ನಮ್ಮ ಪೂರ್ವಿಕರಲ್ಲಿ ಒಂದೇ ಆದರ್ಶವಿತ್ತೆಂದು ನಂಬುವವರು ಈ ಮೂರು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಇಲ್ಲಿ ಅಂಗುಲವೆಂದರೆ ಇಂದು ನಾವು ದರ್ಜಿಯ ಬಳಿ ಹೇಳುವ ಇಂಚು ಅಲ್ಲ. ಅಳೆಯಿಸಿಕೊಳ್ಳುವವನ ಸ್ವಂತ ಬೆರಳಿನ ಅಳತೆ. ಸ್ವಾಂಗುಲಿ ಪ್ರಮಾಣ ಎಂಬುದು ಅದಕ್ಕೆ ಶಾಸ್ತ್ರದ ಹೆಸರು. ಕೋಲು ಹೊರಗಿನಿಂದ ಬರುವುದಿಲ್ಲ, ಮೈಯೊಳಗೇ ಇದೆ. ಲಂಡನ್ನಿನ ಇಂಚಾಗಲಿ ಪ್ಯಾರಿಸ್ಸಿನ ಮೀಟರಾಗಲಿ ಇದಕ್ಕೆ ಬೇಡ. ಉದ್ದದವನಿಗೆ ಉದ್ದ ಅಂಗುಲ, ಗಿಡ್ಡನಿಗೆ ಗಿಡ್ಡ ಅಂಗುಲ. ಎತ್ತರದಿಂದ ಭಾಗಿಸುವ ಕೆಲಸವನ್ನು ಬೆರಳೇ ಮೊದಲು ಮಾಡಿಟ್ಟಿರುತ್ತದೆ.

ಚರಕನು ಸುತ್ತಳತೆಗಳನ್ನೂ ಕೊಡುತ್ತಾನೆ: ಮೀನಖಂಡ 16 ಅಂಗುಲ, ತೊಡೆ 30, ಕತ್ತು 22. ನನ್ನ ಸೋದರಳಿಯನ 168 ಸೆಂಟಿಮೀಟರನ್ನು 84ರಿಂದ ಭಾಗಿಸಿದರೆ ಸರಿಯಾಗಿ ಎರಡು ಸೆಂಟಿಮೀಟರು. ಅವನ ಬೆರಳೂ ಅಷ್ಟೇ ಇದೆಯೆಂದು ಒಪ್ಪಿಕೊಳ್ಳೋಣ. ಆಗ ಅವನ ತೊಡೆ 60, ಮೀನಖಂಡ 32, ಕತ್ತು 44 ಸೆಂಟಿಮೀಟರು ಇರಬೇಕು. ತೊಡೆಯ ಸಂಖ್ಯೆಯನ್ನು ಇಂದಿನ ಯಾವ ತರಬೇತುಗಾರನೂ ಒಪ್ಪಿಯಾನು. ಮೀನಖಂಡವನ್ನು ನೋಡಿ ಮುಖ ಸಿಂಡರಿಸಿಯಾನು. ಕತ್ತನ್ನು ನೋಡಿ ಬೆರಗಾದಾನು.

ಏಕೆಂದರೆ ಇಪ್ಪತ್ತನೆಯ ಶತಮಾನದ ಅಂಗಸಾಧಕರ ನಡುವೆ ಪ್ರಚಲಿತವಾದ ಸೂತ್ರವೇ ಬೇರೆ: ಕತ್ತು, ತೋಳು, ಮೀನಖಂಡ ಮೂರೂ ಸಮವಾಗಿರಬೇಕು. ಇದನ್ನು ಗ್ರೀಕ್ ಆದರ್ಶವೆಂದು ಕರೆಯುತ್ತಾರೆ. ಪಾಲಿಕ್ಲೀಟಸನ ಮೂಲಗ್ರಂಥವೇ ಕಳೆದುಹೋಗಿರುವುದರಿಂದ ಆ ಹೆಸರಿಗೆ ಯಾರೂ ತಕರಾರು ಮಾಡುವಂತಿಲ್ಲ. ಈ ಸೂತ್ರದ ಮೂರ್ತರೂಪವೆಂದು ಸ್ಟೀವ್ ರೀವ್ಸ್‌ನನ್ನು ತೋರಿಸುವುದು ವಾಡಿಕೆ. 1950ರಲ್ಲಿ ಮಿಸ್ಟರ್ ಯೂನಿವರ್ಸ್ ಆದವನು, ಎತ್ತರ ಆರಡಿ ಒಂದಿಂಚು, ಮೂರೂ ಅಂಗಗಳ ಸುತ್ತಳತೆ ಹದಿನೆಂಟು ಇಂಚಿಗೆ ತುಸು ಹೆಚ್ಚೆಂದು ಪ್ರಚಾರವಾಗಿತ್ತು. ಎಂದರೆ ಎತ್ತರದ ಸುಮಾರು ಕಾಲುಭಾಗ. ಚರಕನ ಪಟ್ಟಿಯಲ್ಲಿ ಕತ್ತು ಕಾಲುಭಾಗವನ್ನು ತುಸು ಮೀರುತ್ತದೆ, ಮೀನಖಂಡ ಐದನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಒಬ್ಬರ ಸುಂದರ ಮತ್ತೊಬ್ಬರಿಗೆ ವಿಕಾರವಾಗಲು ಎತ್ತರ ಬದಲಾಗಬೇಕಿಲ್ಲ.

ಈಗ ಆ ಕಾಲುಭಾಗದ ಸೂತ್ರವನ್ನೇ ತೆಗೆದುಕೊಳ್ಳೋಣ. ಸುತ್ತಳತೆ ಒಂದು ಉದ್ದ, ಎತ್ತರವೂ ಒಂದು ಉದ್ದ. ಒಂದನ್ನು ಮತ್ತೊಂದರಿಂದ ಭಾಗಿಸಿದರೆ ಎಲ್ಲರಿಗೂ ಸಮಾನ ನ್ಯಾಯ ಸಿಕ್ಕಿತೆಂದು ಅನಿಸುತ್ತದೆ. ಸಿಗುವುದಿಲ್ಲ. ಕಾರಣವನ್ನು ಬೆಲ್ಜಿಯಮ್ಮಿನ ಗಣಿತಜ್ಞ ಕೆಟ್ಲೆ 1835ರಲ್ಲಿಯೇ ಕಂಡಿದ್ದನು. ವಯಸ್ಕರಲ್ಲಿ ತೂಕವು ಎತ್ತರದ ಘನಕ್ಕೆ ಅನುಗುಣವಾಗಿ ಏರುವುದಿಲ್ಲ, ಸ್ಥೂಲವಾಗಿ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಉದ್ದನೆಯವರು ಗಿಡ್ಡವರ ದೊಡ್ಡ ಅಚ್ಚುಗಳಲ್ಲ. ಅವರು ಹೋಲಿಕೆಯಲ್ಲಿ ತೆಳ್ಳಗಿರುತ್ತಾರೆ. ದೇಹವನ್ನು ಒಂದು ಕಂಬವೆಂದು ಭಾವಿಸಿದರೆ ಅದರ ತೂಕ ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿದಷ್ಟು. ಅದು ಎತ್ತರದ ವರ್ಗಕ್ಕೆ ಸಮವಾಗಬೇಕಾದರೆ ಸುತ್ತಳತೆಯು ಎತ್ತರದ ವರ್ಗಮೂಲದಂತೆ ಮಾತ್ರ ಬೆಳೆಯುತ್ತದೆ. 180 ಸೆಂಟಿಮೀಟರಿನವನ ತೋಳು 45 ಇದ್ದರೆ, ಅವನಿಗೆ ಸಮಾನವಾಗಿ ಬೆಳೆದ 150 ಸೆಂಟಿಮೀಟರಿನವನ ತೋಳು ಸುಮಾರು 41 ಇರುತ್ತದೆ. ಕಾಲುಭಾಗದ ಸೂತ್ರ ಅವನಿಂದ ಕೇಳುವುದು 37.5 ಮಾತ್ರ.

ಟೇಪಿನ ಬರಿಯ ಅಂಕಿಯನ್ನು ನೋಡಿದರೆ ಉದ್ದನೆಯವನು ಗೆಲ್ಲುತ್ತಾನೆ. ಎತ್ತರದಿಂದ ಭಾಗಿಸಿದರೆ ಗಿಡ್ಡನು ಗೆಲ್ಲುತ್ತಾನೆ. ನ್ಯಾಯ ಇವೆರಡರ ನಡುವೆ ಎಲ್ಲೋ ಇದೆ. ಇನ್ನು ಭಾಗಿಸದೆ ಕಳೆಯುವ ಪದ್ಧತಿಯೊಂದಿದೆ: ಸೆಂಟಿಮೀಟರಿನ ಎತ್ತರದಿಂದ ನೂರನ್ನು ಕಳೆದರೆ ಉಳಿಯುವುದು ಕಿಲೋಗ್ರಾಮಿನ ತೂಕ. ಫ್ರಾನ್ಸಿನ ಪಾಲ್ ಬ್ರೋಕಾ ಹೆಸರಿನಲ್ಲಿ ನಡೆದುಬಂದ ಈ ಸರಳ ಸೂತ್ರವನ್ನು, ವರ್ಗಕ್ಕೆ ತಕ್ಕಂತೆ ಕೆಲವು ಕಿಲೋ ಕೂಡಿಸಿ, ಅಂತಾರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟವು ತನ್ನ 'ಕ್ಲಾಸಿಕ್' ಸ್ಪರ್ಧೆಗಳಲ್ಲಿ ತೂಕದ ಮಿತಿಯಾಗಿ ಬಳಸಿದೆ. ಲೆಕ್ಕ ಹಾಕಿ ನೋಡಿ: 150 ಸೆಂಟಿಮೀಟರಿನವನಿಗೆ 50 ಕಿಲೋ, 190ರವನಿಗೆ 90 ಕಿಲೋ. ಕೆಟ್ಲೆಯ ಕ್ರಮದಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಮೊದಲನೆಯವನಿಗೆ 22, ಎರಡನೆಯವನಿಗೆ 25. ಗಿಡ್ಡನಿಗೆ ಮೊದಲೇ ಮೂರು ಅಂಶ ಕಡಿಮೆ. ಯಾರೂ ಕೇಡು ಬಗೆದು ಮಾಡಿದ್ದಲ್ಲ. ಕಳೆಯುವುದು ಸುಲಭ, ಅಷ್ಟೇ.

ಎತ್ತರದ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದವರೂ ಉಂಟು. ಅವರು ಹೋಲಿಸುವುದನ್ನೇ ಬಿಟ್ಟು, ಉದ್ದನೆಯವರನ್ನು ಉದ್ದನೆಯವರೊಡನೆ, ಗಿಡ್ಡವರನ್ನು ಗಿಡ್ಡವರೊಡನೆ ನಿಲ್ಲಿಸಿದರು. ಭಾರತಕ್ಕೆ ಇದರ ಫಲ ಕೂಡಲೇ ದೊರೆಯಿತು. 1951ರಲ್ಲಿ ಮನತೋಷ್ ರಾಯ್, 1952ರಲ್ಲಿ ಮನೋಹರ್ ಐಚ್ ಲಂಡನ್ನಿನಲ್ಲಿ ತಮ್ಮ ವರ್ಗಗಳಲ್ಲಿ ಮಿಸ್ಟರ್ ಯೂನಿವರ್ಸ್ ಪ್ರಶಸ್ತಿ ಗೆದ್ದರು. ಐಚ್ ಅವರ ಎತ್ತರ ನಾಲ್ಕಡಿ ಹನ್ನೊಂದು ಇಂಚು. ಬ್ರಿಟಿಷ್ ಅಧಿಕಾರಿಯ ಮೇಲೆ ಕೈಮಾಡಿ ಸೆರೆಮನೆ ಸೇರಿ, ಅಲ್ಲಿಯೇ ಸಾಧನೆ ಮುಂದುವರಿಸಿದ ವಾಯುಪಡೆಯ ಬಂಗಾಳಿ ಅವರು. 2016ರಲ್ಲಿ 104ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೆಕಾಲೆಗೆ ಇದಕ್ಕಿಂತ ಪೂರ್ಣವಾದ ಉತ್ತರವನ್ನು ಯಾರಾದರೂ ಕೊಟ್ಟಿದ್ದಾರೆಯೇ? ಐಚ್ ಅವರನ್ನು ರೀವ್ಸ್‌ನ ಪಕ್ಕದಲ್ಲಿ ನಿಲ್ಲಿಸಿ ಟೇಪು ಹಿಡಿದಿದ್ದರೆ ಆ ಉತ್ತರ ಕೇಳಿಸುತ್ತಲೇ ಇರಲಿಲ್ಲ.

ಸೋದರಳಿಯನ ಹಾಳೆಗೆ ಇನ್ನೊಂದು ಮುಖವಿತ್ತು, ಅದನ್ನು ಹೇಳದೆ ಬಿಡುವಂತಿಲ್ಲ. ಹಾಳೆಯಲ್ಲಿದ್ದ ಅಂಕಿಗಳು ಯಾವ ಕಾಲದ, ಯಾವ ದೇಹಗಳವು? 1995ರಲ್ಲಿ ಕೌರಿ, ಪೋಪ್ ಮೊದಲಾದ ಸಂಶೋಧಕರು ಕೊಬ್ಬನ್ನು ಕಳೆದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಒಂದು ಸೂಚ್ಯಂಕ ಮಾಡಿದರು. ಔಷಧಿ ಮುಟ್ಟದ ಸಾಧಕರಲ್ಲಿ ಅದು ಸುಮಾರು 25ರ ಬಳಿ ನಿಲ್ಲುತ್ತಿತ್ತು. ಸ್ಟೀರಾಯ್ಡ್ ಬಳಸಿದ ಅನೇಕರಲ್ಲಿ ಅದನ್ನು ಬಹಳ ಮೀರುತ್ತಿತ್ತು. ನಮ್ಮ ಹುಡುಗನ ಎತ್ತರಕ್ಕೆ 25 ಎಂದರೆ ಕೊಬ್ಬಿಲ್ಲದ ತೂಕ 70 ಕಿಲೋಗೆ ತುಸು ಮೇಲೆ. ಈ ಗೆರೆಯನ್ನೂ ದೈವಶಾಸನವೆಂದು ತಿಳಿಯಬೇಕಿಲ್ಲ, ಮೀರಿದವರೆಲ್ಲ ಮೋಸಗಾರರೆಂದೂ ಅಲ್ಲ. ಆದರೆ ಹಾಳೆಯ ಆದರ್ಶ ಪುರುಷನು ಹುಡುಗನಿಗಿಂತ ಗೇಣುದ್ದ ಎತ್ತರದವನಾಗಿದ್ದು, ಸಿರಿಂಜಿನ ಸಹಾಯವನ್ನೂ ಪಡೆದವನಾಗಿದ್ದರೆ, ಕೆಂಪು ಶಾಯಿಯ ಕೊರತೆ ಯಾವ ವ್ಯಾಯಾಮದಿಂದಲೂ ತುಂಬುವುದಿಲ್ಲ. ಹುಡುಗನು ಆಗಲೇ ಯಾರೋ ಹೇಳಿದ ಒಂದು 'ಕೋರ್ಸಿ'ನ ಬೆಲೆ ವಿಚಾರಿಸಿಕೊಂಡು ಬಂದಿದ್ದನು. ತಂಗಿಗೆ ಅದು ಗೊತ್ತಿರಲಿಲ್ಲ. ನಾನು ಆ ರಾತ್ರಿ ಚರಕನನ್ನು ತೆಗೆದದ್ದು ಪಾಂಡಿತ್ಯಕ್ಕಾಗಿ ಅಲ್ಲ.

ಚರಕನ ಹತ್ತು ಪರೀಕ್ಷೆಗಳಲ್ಲಿ ಪ್ರಮಾಣ ಒಂದು ಎಂದೆನಷ್ಟೆ. ಸಂಹನನ ಎಂದರೆ ಮೈಯ ಬಿಗುಪು ಅದರಿಂದ ಬೇರೆ. ವ್ಯಾಯಾಮಶಕ್ತಿ ಮತ್ತೂ ಬೇರೆ. ಅದನ್ನು ತಿಳಿಯುವುದು ಮೈಯನ್ನು ಅಳೆದು ಅಲ್ಲ, ಕೆಲಸ ಮಾಡಿಸಿ. ನಮ್ಮ ಟೇಪು ಒಂದೇ ಅಳತೆಯಲ್ಲಿ ಹಿಡಿಯಹೊರಟಿರುವ ಮೂರು ಸಂಗತಿಗಳನ್ನು ಅವನು ಮೂರಾಗಿಯೇ ಇಟ್ಟಿದ್ದಾನೆ. ಪ್ರಮಾಣದ ಮಾತಿಗೆ ಬರುವ ಮೊದಲೇ ವೈದ್ಯನಿಗೆ ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ: ಮೈ ತುಂಬಿಕೊಂಡಿದೆಯೆಂದು ಬಲಶಾಲಿ, ತೆಳ್ಳಗಿದೆಯೆಂದು ದುರ್ಬಲ, ದೊಡ್ಡ ದೇಹವೆಂದು ಮಹಾಬಲ, ಸಣ್ಣ ದೇಹವೆಂದು ಅಲ್ಪಬಲ ಎಂದು ಕಣ್ಣೋಟದಿಂದಲೇ ಮೋಸಹೋಗಬಾರದು, ಸಣ್ಣ ಮೈಯ ತೆಳ್ಳನೆಯವರಲ್ಲಿಯೂ ಬಲವಂತರು ಕಾಣಸಿಗುತ್ತಾರೆ, ಇರುವೆ ಭಾರ ಹೊರುವುದಿಲ್ಲವೇ ಎನ್ನುತ್ತಾನೆ. ಇರುವೆಯ ಹೋಲಿಕೆಗೆ ಸೋದರಳಿಯನು ನಕ್ಕನು. ಅವನಿಗೆ ನಗು ಬಂದದ್ದು ನನಗೆ ಸಮಾಧಾನವಾಯಿತು.

ಮರುವಾರ ಅವನನ್ನು ಕರೆದುಕೊಂಡು ಮೊಧೇರಾಕ್ಕೆ ಹೋದೆ. ಅಹಮದಾಬಾದಿನಿಂದ ಸುಮಾರು ನೂರು ಕಿಲೋಮೀಟರು. ಸೋಲಂಕಿ ಭೀಮದೇವನ ಕಾಲದ ಸೂರ್ಯದೇಗುಲ ನೋಡಲು ಜನ ಹೋಗುವ ಊರು. ನಾನು ಹೋದದ್ದು ಬೇರೆ ನೆನಪಿಗಾಗಿ. ಮಲ್ಲಪುರಾಣವೆಂಬ ಸಂಸ್ಕೃತ ಗ್ರಂಥವೊಂದಿದೆ, ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1964ರಲ್ಲಿ ಅಚ್ಚಾಯಿತು. ಕೃಷ್ಣನು ಇದೇ ಸೀಮೆಯಲ್ಲಿ ಸೋಮೇಶ್ವರನೆಂಬ ಬ್ರಾಹ್ಮಣನಿಗೆ ಮಲ್ಲವಿದ್ಯೆ ಕಲಿಸಿದನೆಂದೂ, ಅವನ ಪರಂಪರೆಯವರೇ ಜ್ಯೇಷ್ಠಿಮಲ್ಲರೆಂದೂ ಅದು ಹೇಳುತ್ತದೆ. ನಿಂಬಜಾ ದೇವಿ ಅವರ ಕುಲದೇವತೆ. ಈ ಜ್ಯೇಷ್ಠಿಗಳೇ ನಮ್ಮ ಜೆಟ್ಟಿಗಳು. ಗುಜರಾತಿನಿಂದ ದಕ್ಷಿಣಕ್ಕೆ ಬಂದು ಮೈಸೂರು ಅರಸರ ಆಶ್ರಯದಲ್ಲಿ ನೆಲೆಸಿ, ಕುಸ್ತಿಯ ಜೊತೆಗೆ ಮುರಿದ ಮೂಳೆ ಕೂಡಿಸುವ ವಿದ್ಯೆಗೂ ಹೆಸರಾದವರು. ಕನ್ನಡದಲ್ಲಿ 'ಜಗಜಟ್ಟಿ' ಎಂದು ಯಾರನ್ನಾದರೂ ಹೊಗಳುವಾಗ ನಮಗೆ ತಿಳಿಯದೆಯೇ ಮೊಧೇರಾದ ಹೆಸರು ಹೇಳುತ್ತಿರುತ್ತೇವೆ.

ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಬೆರಳಿಗೆ ಮೊನೆಯುಳ್ಳ ಆಯುಧ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳಿಂದ ಜೆಟ್ಟಿಗಳು ಬರುತ್ತಾರೆ. ಕಾಳಗ ನೋಡುವವರು ಗಮನಿಸದ ಒಂದು ಕೆಲಸ ಅದಕ್ಕೆ ಮುಂಚೆಯೇ ಮುಗಿದಿರುತ್ತದೆ: ಜೋಡಿ ಕಟ್ಟುವುದು. ಯಾರಿಗೆ ಯಾರು ಸಮ ಎಂದು ಮೊದಲೇ ಗೊತ್ತು ಮಾಡುತ್ತಾರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿಯೇ ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ ಹೇಳುತ್ತದೆ. ಗರಡಿಯ ಮಟ್ಟಿಯಲ್ಲಿ ಇಂದಿಗೂ ಉಸ್ತಾದ್ ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಕೈ ಹಿಡಿಸಿ, ಹಿಂದೆ ಸರಿದು ಒಂದು ಕ್ಷಣ ನೋಡುತ್ತಾನೆ. ಆ ನೋಟದಲ್ಲಿ ಎತ್ತರವೂ ತೂಕವೂ ವಯಸ್ಸೂ ಇರುತ್ತವೆ, ಯಾವುದೂ ಬೇರೆಯಾಗಿ ಇರುವುದಿಲ್ಲ. ಅವನು ಭಾಗಿಸುವುದು ಒಬ್ಬನನ್ನು ಮತ್ತೊಬ್ಬನಿಂದ. ಒಬ್ಬನನ್ನು ಕಾಗದದ ಮನುಷ್ಯನಿಂದ ಅಲ್ಲ.

ಗರಡಿಯ ಕಣ್ಣು ತಪ್ಪುವುದಿಲ್ಲವೆಂದು ನಾನು ಹೇಳಲಾರೆ. ಪಕ್ಷಪಾತ ಅಲ್ಲಿಯೂ ಉಂಟು, ಜಾತಿ ಅಲ್ಲಿಯೂ ಉಂಟು. ಟೇಪಿಗೆ ಅವೆರಡೂ ಇಲ್ಲವೆಂಬುದು ಟೇಪಿನ ದೊಡ್ಡ ಗುಣ. ಅಯ್ಯರಂಥವರು ಅಂಚೆಯ ಮೂಲಕ ಯಾವ ಕುಲದ ಹುಡುಗನಿಗಾದರೂ ಪಾಠ ಕಳುಹಿಸಬಹುದಾಗಿದ್ದರೆ ಅದು ಟೇಪಿನ ಉಪಕಾರ. ಅವರ ಕಾಲದ ಟೇಪು ಶಿಷ್ಯನ ಈ ತಿಂಗಳನ್ನು ಅವನದೇ ಹೋದ ತಿಂಗಳಿಗೆ ಹೋಲಿಸಲು ನೆರವಾಗುತ್ತಿತ್ತು.

ಮೊಧೇರಾದ ಮೆಟ್ಟಿಲುಗಳ ಕುಂಡದ ಬಳಿ ಕುಳಿತಾಗ ಹುಡುಗನು ಚೀಲದಿಂದ ಟೇಪು ತೆಗೆದನು. ಹಾಳೆಯ ಹಿಂಬದಿಯಲ್ಲಿ ಹೊಸ ಖಾನೆಗಳನ್ನು ಗೀಚಿದ್ದನು. ತಾರೀಖು, ಎತ್ತರ, ಎಷ್ಟು ದಂಡ, ಎಷ್ಟು ಬೈಠಕ್. ಅಳತೆಯ ಖಾನೆಗಳೂ ಇದ್ದವು, ಆದರ್ಶ ಪುರುಷನ ಖಾನೆ ಇರಲಿಲ್ಲ. ಆಮೇಲೆ ನನ್ನ ಕಾಲು ಚಾಚಲು ಹೇಳಿ ಮೀನಖಂಡಕ್ಕೆ ಟೇಪು ಸುತ್ತಿದನು. ನನ್ನ ಎತ್ತರ 172. ಚರಕನ ಲೆಕ್ಕಕ್ಕೆ 33 ಸೆಂಟಿಮೀಟರಿಗೂ ತುಸು ಕಡಿಮೆ ಇರಬೇಕಿತ್ತು. 36 ಇತ್ತು. ಬೆರಳು ಅಳೆದು ನೋಡಬೇಕು ಮಾವ, ನಿಮ್ಮ ಅಂಗುಲ ದೊಡ್ಡದಿರಬಹುದು ಎಂದು ಅವನು ನನ್ನ ಕೈಯನ್ನು ಹಿಡಿದುಕೊಂಡನು.